ಆತ್ಮರಕ್ಷಣೆಗೆ ಪಿಸ್ತೂಲು: ಪರವಾನಗಿಗೆ ಅರ್ಜಿ ಸಲ್ಲಿಸುವ ಮುನ್ನ ತಿಳಿದಿರಬೇಕಾದ ವಿಷಯಗಳು

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ

ಆತ್ಮರಕ್ಷಣೆಯ ಸಲುವಾಗಿ ಪಿಸ್ತೂಲು ಅಥವಾ ರಿವಾಲ್ವರ್ ಹೊಂದಲು ಇಚ್ಛಿಸುವ ಸಾರ್ವಜನಿಕರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ “ಯಾವ ಪಿಸ್ತೂಲು ಒಳ್ಳೆಯದು” ಎಂಬುದಾಗಿರುತ್ತದೆ. ಪರವಾನಗಿ ಪ್ರಾಧಿಕಾರವು ಕೇಳುವ ಮೊದಲ ಪ್ರಶ್ನೆಯಾದರೋ “ಪಿಸ್ತೂಲೇ ಏಕೆ ಬೇಕು” ಎಂಬುದು. ಈ ಎರಡು ಪ್ರಶ್ನೆಗಳ ಪೈಕಿ ಎರಡನೆಯದಕ್ಕೆ ಉತ್ತರ ದೊರೆಯದ ಹೊರತು ಮೊದಲನೆಯದಕ್ಕೆ ಅರ್ಥವಿಲ್ಲ. ಅರ್ಜಿ ತಿರಸ್ಕೃತಗೊಂಡ ಬಳಿಕ ಕಚೇರಿಯಿಂದ ಕಚೇರಿಗೆ ಅಲೆಯುವುದಕ್ಕಿಂತ, ಅರ್ಜಿ ಬರೆಯುವ ಮೊದಲೇ ಕಾನೂನು ಏನು ಹೇಳುತ್ತದೆ, ಯಾವ ಆಯುಧ ಯಾವ ಕೆಲಸಕ್ಕೆ ತಕ್ಕುದು ಎಂಬುದನ್ನು ತಿಳಿದುಕೊಳ್ಳುವುದು ಲೇಸು. ವಿಶೇಷವಾಗಿ ರಾಮದುರ್ಗದ ಕಡೆಯಿಂದ ಬೆಳಗಾವಿಗೆ ಬಂದು ಹೋಗುವವರಿಗೆ ಒಂದು ಸಣ್ಣ ತಿದ್ದುಪಡಿಗೂ ಒಂದು ದಿನ ಪೂರ್ತಿ ಬೇಕಾಗುತ್ತದೆ.

ನಮ್ಮ ದೇಶದಲ್ಲಿ ಬಂದೂಕು, ಪಿಸ್ತೂಲು, ರಿವಾಲ್ವರ್ ಮುಂತಾದ ಸಿಡಿಶಸ್ತ್ರಗಳನ್ನು ಹೊಂದುವುದು 1959ರ ಶಸ್ತ್ರಾಸ್ತ್ರ ಅಧಿನಿಯಮ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳಿಗೆ ಒಳಪಟ್ಟಿರುತ್ತದೆ. ಶಸ್ತ್ರ ಹೊಂದುವುದು ಮೂಲಭೂತ ಹಕ್ಕಲ್ಲ. ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಈ ಮಾತನ್ನು ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಕೊಡಗಿನವರಿಗೆ ಪರವಾನಗಿ ಇಲ್ಲದೆ ಬಂದೂಕು ಇರಿಸಿಕೊಳ್ಳಲು ಅವಕಾಶವಿದೆಯಲ್ಲ ಎಂದು ಕೆಲವರು ಪ್ರಶ್ನಿಸುವುದುಂಟು. ಅದು ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಕೇಂದ್ರ ಸರ್ಕಾರವು ನೀಡಿರುವ ವಿಶೇಷ ವಿನಾಯಿತಿ. ಅಂಥ ಯಾವುದೇ ವಿನಾಯಿತಿ ಬೆಳಗಾವಿ ಜಿಲ್ಲೆಗೆ ಇರುವುದಿಲ್ಲ.

ಈ ಭಾಗದ ಜನತೆಗೆ ಶಸ್ತ್ರ ನೋಂದಣಿಯ ಮಾತು ಹೊಸತೇನಲ್ಲ. 1857ರಲ್ಲಿ ಬ್ರಿಟಿಷ್ ಸರ್ಕಾರವು ಆಯುಧಗಳನ್ನು ಒಪ್ಪಿಸಬೇಕೆಂದು ಆದೇಶಿಸಿದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಅದನ್ನು ಧಿಕ್ಕರಿಸಿ ಪ್ರಾಣ ತೆತ್ತದ್ದು ಲಾವಣಿಗಳ ಮೂಲಕ ಇಂದಿಗೂ ನೆನಪಿನಲ್ಲಿದೆ. ಅಂದಿನ ಕಾನೂನು ಪ್ರಜೆಗಳನ್ನು ನಿಶ್ಶಸ್ತ್ರಗೊಳಿಸಲು ಬಂದದ್ದು. 1959ರ ಅಧಿನಿಯಮವು ಸ್ವತಂತ್ರ ದೇಶದ ಸಂಸತ್ತು ರೂಪಿಸಿದ್ದು. ಅದರಲ್ಲಿ ನಿರ್ಬಂಧಗಳಿರುವಂತೆಯೇ ಅರ್ಜಿದಾರರ ಪರವಾದ ಅಂಶಗಳೂ ಇವೆ. ಅವುಗಳನ್ನು ತಿಳಿದವರು ಕಡಿಮೆ.

ಬಂದೂಕಿಗೆ ಒಂದು ಅಳತೆ, ಪಿಸ್ತೂಲಿಗೆ ಇನ್ನೊಂದು

ಅಧಿನಿಯಮದ 13ನೆಯ ಪ್ರಕರಣವನ್ನು ಗಮನವಿಟ್ಟು ಓದಿದರೆ ಒಂದು ಮುಖ್ಯ ಭೇದ ಕಂಡುಬರುತ್ತದೆ. ನಳಿಗೆಯ ಉದ್ದ 20 ಅಂಗುಲಕ್ಕಿಂತ ಕಡಿಮೆಯಿಲ್ಲದ, ಒಳಗೆ ನುಣುಪಾದ ನಳಿಗೆಯುಳ್ಳ ಬಂದೂಕನ್ನು, ಅಂದರೆ ರೂಢಿಯ 12 ಬೋರ್ ಬಂದೂಕನ್ನು, ಭಾರತೀಯ ನಾಗರಿಕನೊಬ್ಬನು ರಕ್ಷಣೆಗಾಗಿ ಅಥವಾ ಕ್ರೀಡೆಗಾಗಿ ಕೇಳಿದಲ್ಲಿ, ನಿರಾಕರಿಸಲು ಕಾನೂನಿನಲ್ಲಿ ಹೇಳಿರುವ ಕಾರಣಗಳು ಇಲ್ಲದಿದ್ದರೆ ಪರವಾನಗಿ ನೀಡತಕ್ಕದ್ದು. ಬೆಳೆ ರಕ್ಷಣೆಗಾಗಿ ಕೇಳುವ, ಬಾಯಿಯಿಂದ ಮದ್ದು ತುಂಬುವ ಬಂದೂಕಿಗೂ ಇದೇ ನಿಯಮ. ಆದರೆ ಪಿಸ್ತೂಲು ಮತ್ತು ರಿವಾಲ್ವರ್ ಈ ಗುಂಪಿಗೆ ಸೇರುವುದಿಲ್ಲ. ಇವುಗಳ ವಿಷಯದಲ್ಲಿ ಅರ್ಜಿದಾರರಿಗೆ ಸಕಾರಣವಿದೆ ಎಂದು ಪರವಾನಗಿ ಪ್ರಾಧಿಕಾರಕ್ಕೆ ಮನವರಿಕೆಯಾಗಬೇಕು. ಆ ಮನವರಿಕೆ ಮಾಡಿಕೊಡುವ ಹೊಣೆ ಅರ್ಜಿದಾರರದ್ದೇ ಆಗಿರುತ್ತದೆ.

ಸಕಾರಣ ಎಂದರೇನು ಎಂಬುದನ್ನು 2016ರ ನಿಯಮಗಳು ಸ್ವಲ್ಪಮಟ್ಟಿಗೆ ಬಿಡಿಸಿ ಹೇಳಿವೆ. ತಮ್ಮ ವ್ಯಾಪಾರ, ವೃತ್ತಿ ಅಥವಾ ಉದ್ಯೋಗದ ಸ್ವರೂಪದಿಂದಲೇ ಪ್ರಾಣ ಹಾಗೂ ಆಸ್ತಿಯನ್ನು ರಕ್ಷಿಸಿಕೊಳ್ಳುವ ನಿಜವಾದ ಅಗತ್ಯವುಳ್ಳವರು, ರಕ್ಷಣಾ ಪಡೆ, ಕೇಂದ್ರೀಯ ಸಶಸ್ತ್ರ ಪೊಲೀಸ್ ಪಡೆ ಅಥವಾ ರಾಜ್ಯ ಪೊಲೀಸ್ ಪಡೆಯಲ್ಲಿ ಸೇವೆಯಲ್ಲಿರುವ ಅಥವಾ ಸೇವೆ ಸಲ್ಲಿಸಿರುವ, ಅಂಥದೇ ಅಗತ್ಯವುಳ್ಳವರು, ಹಾಗೂ ಶೂಟಿಂಗ್ ಕ್ರೀಡೆಯಲ್ಲಿ ಸಕ್ರಿಯರಾಗಿರುವವರ ಅರ್ಜಿಗಳನ್ನು ಪರಿಗಣಿಸಬಹುದಾಗಿದೆ. ಬೈಲಹೊಂಗಲದ ಹತ್ತಿ ವ್ಯಾಪಾರಿ, ಸಂತೆಯ ದಿನ ಹಣ ಕಟ್ಟಿಕೊಂಡು ಊರಿಂದೂರಿಗೆ ಹೋಗುವ ಸರಾಫರು, ರಾತ್ರಿ ಪೆಟ್ರೋಲ್ ಬಂಕಿನ ವಸೂಲಿ ಹಣ ಒಯ್ಯುವವರು ಇಂಥವರ ಅಗತ್ಯವನ್ನು ದಾಖಲೆಗಳಿಂದ ತೋರಿಸಲು ಸಾಧ್ಯ. ವ್ಯಾಪಾರ ಪರವಾನಗಿ, ಜಿ.ಎಸ್.ಟಿ. ನೋಂದಣಿ, ಬ್ಯಾಂಕಿಗೆ ಹಣ ಜಮಾ ಮಾಡಿದ ವಿವರ, ಹಿಂದೆ ಬೆದರಿಕೆ ಬಂದು ಪೊಲೀಸ್ ಠಾಣೆಯಲ್ಲಿ ದೂರು ದಾಖಲಾಗಿದ್ದಲ್ಲಿ ಅದರ ಪ್ರತಿ ಇವೆಲ್ಲ ಅರ್ಜಿಗೆ ಬಲ ನೀಡುತ್ತವೆ. “ಗ್ರಾಮದಲ್ಲಿ ವೈರಿಗಳಿದ್ದಾರೆ” ಎಂಬ ಒಂದು ಸಾಲು ಬಲ ನೀಡುವುದಿಲ್ಲ.

ತೋಟಪಟ್ಟಿಯಲ್ಲಿ ವಾಸವಾಗಿರುವ ರೈತ ಕುಟುಂಬಗಳ ವಿಷಯವೇ ಬೇರೆ. ಮಲಪ್ರಭೆಯ ದಂಡೆಯ ಕಬ್ಬಿನ ತೋಟಗಳಲ್ಲಿ ಊರಿನಿಂದ ದೂರ ಮನೆ ಮಾಡಿಕೊಂಡವರಿಗೆ ಕಳ್ಳಕಾಕರ ಭಯ ಇರುವುದು ಸಹಜ. ಅಂಥ ಮನೆಗೆ ಪಿಸ್ತೂಲು ತಕ್ಕ ಆಯುಧವಲ್ಲ ಎಂಬುದನ್ನು ಸ್ಪಷ್ಟವಾಗಿಯೇ ಹೇಳಬೇಕಾಗಿದೆ. ಸಣ್ಣ ನಳಿಗೆಯ ಆಯುಧದಿಂದ ಗುರಿ ಹಿಡಿಯಲು ಬಹಳ ಅಭ್ಯಾಸ ಬೇಕು. ಕತ್ತಲೆಯಲ್ಲಿ, ಗಾಬರಿಯಲ್ಲಿ, ಅಭ್ಯಾಸವಿಲ್ಲದ ಕೈಯಿಂದ ಹಾರಿದ ಗುಂಡು ಎಲ್ಲಿಗೆ ತಾಗುವುದೆಂದು ಹೇಳಲಾಗದು. ಒಂದೇ ಕಡೆ ಇರುವ, ಹೊತ್ತು ತಿರುಗಬೇಕಿಲ್ಲದ, ಬೀಗ ಹಾಕಿಡಬಹುದಾದ 12 ಬೋರ್ ಬಂದೂಕಿಗೆ ಅರ್ಜಿ ಸಲ್ಲಿಸುವುದು ಇಂಥವರಿಗೆ ಕಾನೂನಿನ ದೃಷ್ಟಿಯಿಂದಲೂ ಸುಲಭ, ಬಳಕೆಯ ದೃಷ್ಟಿಯಿಂದಲೂ ಉಚಿತ. ಪಿಸ್ತೂಲಿನ ಒಂದೇ ಒಂದು ಹೆಚ್ಚುಗಾರಿಕೆಯೆಂದರೆ ಅದನ್ನು ಮೈಮೇಲೆ ಮುಚ್ಚಿಟ್ಟು ಒಯ್ಯಬಹುದೆಂಬುದು. ದಾರಿಯಲ್ಲಿ ಒಯ್ಯುವ ಅಗತ್ಯವೇ ಇಲ್ಲದವರಿಗೆ ಆ ಹೆಚ್ಚುಗಾರಿಕೆಯಿಂದ ಪ್ರಯೋಜನವಿಲ್ಲ.

ಇನ್ನೊಂದು ಮಾತು. ಸಾಕಷ್ಟು ಆಸ್ತಿ ಇಲ್ಲವೆಂಬ ಒಂದೇ ಕಾರಣದಿಂದ ಪರವಾನಗಿ ನಿರಾಕರಿಸುವಂತಿಲ್ಲ ಎಂದು 14ನೆಯ ಪ್ರಕರಣವು ಹೇಳುತ್ತದೆ. ಪಹಣಿ ಪತ್ರಿಕೆಯಲ್ಲಿ ಎಕರೆಗಳು ಕಡಿಮೆ ಇವೆಯೆಂದು ಅರ್ಜಿದಾರರು ಹಿಂಜರಿಯಬೇಕಾಗಿಲ್ಲ.

ಕರ್ತವ್ಯದ ಪಿಸ್ತೂಲು ಮತ್ತು ಸ್ವಂತ ಪಿಸ್ತೂಲು

ಸೈನ್ಯದಿಂದ ನಿವೃತ್ತರಾಗಿ ಊರಿಗೆ ಮರಳಿದವರು ಈ ನಾಲ್ಕೂ ತಾಲ್ಲೂಕುಗಳಲ್ಲಿ ಬಹಳ ಮಂದಿ ಇದ್ದಾರೆ. ಸೇವೆಯಲ್ಲಿ ಬಳಸಿದಂಥದೇ ಪಿಸ್ತೂಲು ತಮಗೂ ಬೇಕೆಂದು ಅವರು ಬಯಸುವುದು ಸಹಜವೇ ಆದರೂ ಕಾನೂನು ಅದಕ್ಕೆ ಅವಕಾಶ ನೀಡುವುದಿಲ್ಲ. ಸೈನ್ಯ ಮತ್ತು ಪೊಲೀಸ್ ಇಲಾಖೆಗಳಲ್ಲಿ ದೀರ್ಘಕಾಲದಿಂದ ಬಳಕೆಯಲ್ಲಿರುವುದು ಇಶಾಪುರದ ರೈಫಲ್ ಕಾರ್ಖಾನೆಯಲ್ಲಿ ತಯಾರಾದ 9 ಮಿ.ಮೀ. ಆಟೊ ಪಿಸ್ತೂಲ್ 1ಎ. ಕೆಲವು ಪಡೆಗಳಲ್ಲಿ ಗ್ಲಾಕ್ ಪಿಸ್ತೂಲುಗಳೂ ಇವೆ. ಸೇವೆಯ 9 ಮಿ.ಮೀ. ಗುಂಡನ್ನು ಹಾರಿಸಬಲ್ಲ ಯಾವುದೇ ಪಿಸ್ತೂಲು, ಹಾಗೆಯೇ .380 ಅಥವಾ .455 ಅಂಚುಳ್ಳ ಗುಂಡುಗಳನ್ನು ಹಾರಿಸಬಲ್ಲ ಪಿಸ್ತೂಲು ಮತ್ತು ರಿವಾಲ್ವರ್‌ಗಳು ನಿರ್ಬಂಧಿತ ಬೋರ್ ಎಂಬ ವರ್ಗಕ್ಕೆ ಸೇರುತ್ತವೆ. ಇವುಗಳಿಗೆ ಜಿಲ್ಲಾ ದಂಡಾಧಿಕಾರಿಗಳು ಪರವಾನಗಿ ನೀಡಲು ಬರುವುದಿಲ್ಲ. ಆ ಅಧಿಕಾರ ಕೇಂದ್ರ ಗೃಹ ಮಂತ್ರಾಲಯದ್ದು. ಪ್ರಾಣಕ್ಕೆ ಗಂಭೀರ ಬೆದರಿಕೆಯಿರುವ ಅಪರೂಪದ ಸಂದರ್ಭಗಳಲ್ಲಿ ಮಾತ್ರ ಅದು ಪರಿಗಣನೆಗೆ ಬರುತ್ತದೆ.

ಕಾನೂನನ್ನು ಬದಿಗಿಟ್ಟು ನೋಡಿದರೂ ಕರ್ತವ್ಯದ ಆಯುಧವನ್ನು ಸ್ವಂತ ಆಯುಧಕ್ಕೆ ಮಾದರಿಯಾಗಿ ಇಟ್ಟುಕೊಳ್ಳುವುದು ಸರಿಯಲ್ಲ. ಪೊಲೀಸ್ ಅಧಿಕಾರಿಯ ಸೊಂಟದಲ್ಲಿರುವ ಪಿಸ್ತೂಲನ್ನು ಅವರು ಆರಿಸಿದ್ದಲ್ಲ, ಇಲಾಖೆ ಕೊಟ್ಟದ್ದು. ಅದರ ಹಿಂದೆ ಶಸ್ತ್ರಾಗಾರವಿದೆ, ಕೆಟ್ಟರೆ ದುರಸ್ತಿ ಮಾಡುವ ಆರ್ಮರರ್ ಇದ್ದಾರೆ, ಗುಂಡಿನ ಲೆಕ್ಕದ ರಿಜಿಸ್ಟರ್ ಇದೆ, ಫೈರಿಂಗ್ ಅಭ್ಯಾಸವಿದೆ. ಅದು ಸಮವಸ್ತ್ರದ ಮೇಲೆ ಎಲ್ಲರಿಗೂ ಕಾಣುವಂತೆ ಇರುತ್ತದೆ. ಖಾಸಗಿ ವ್ಯಕ್ತಿಗೆ ಇವಾವುವೂ ಇರುವುದಿಲ್ಲ. ಆಯುಧ ಅವರ ಮನೆಯಲ್ಲೇ, ಹೆಂಡತಿ ಮಕ್ಕಳು ಇರುವ ಮನೆಯಲ್ಲೇ ಇರಬೇಕಾಗುತ್ತದೆ. ಅದನ್ನು ಒರೆಸಿ ಎಣ್ಣೆ ಹಾಕುವವರೂ ಅವರೇ. ಆದಕಾರಣ ಖಾಸಗಿ ಬಳಕೆಗೆ ಆರಿಸುವಾಗ ಎಷ್ಟು ಗುಂಡು ಹಿಡಿಸುತ್ತದೆ, ಎಷ್ಟು ಬಲವಾಗಿದೆ ಎಂಬುದಕ್ಕಿಂತ ಎಷ್ಟು ಸರಳವಾಗಿದೆ, ಎಷ್ಟು ಭದ್ರವಾಗಿ ಇಡಬಹುದು ಎಂಬುದನ್ನೇ ಮುಖ್ಯವಾಗಿ ನೋಡತಕ್ಕದ್ದು.

ನಿವೃತ್ತ ಯೋಧರು ಬ್ಯಾಂಕು, ಕಾರ್ಖಾನೆ ಅಥವಾ ಭದ್ರತಾ ಏಜೆನ್ಸಿಯಲ್ಲಿ ಕಾವಲು ನೌಕರಿಗೆ ಸೇರುವಾಗ ಸ್ವಂತ ಆಯುಧ ತರುವಂತೆ ಕೇಳುವುದುಂಟು. ಪರವಾನಗಿಯಲ್ಲಿ ಆತ್ಮರಕ್ಷಣೆ ಎಂದು ಉದ್ದೇಶ ನಮೂದಾಗಿದ್ದಲ್ಲಿ, ಆ ಆಯುಧವನ್ನು ನೌಕರಿಗೆ ಬಳಸುವ ಮೊದಲು ಪರವಾನಗಿ ಪ್ರಾಧಿಕಾರದಿಂದ ಲಿಖಿತವಾಗಿ ಸ್ಪಷ್ಟೀಕರಣ ಪಡೆಯುವುದು ಕ್ಷೇಮ.

ಆಯ್ಕೆ

ಈಗ ಆಯ್ಕೆಯ ವಿಷಯಕ್ಕೆ ಬರಬಹುದು. ಜಿಲ್ಲಾ ದಂಡಾಧಿಕಾರಿಗಳ ಪರವಾನಗಿಯ ಮೇಲೆ ಸಾಮಾನ್ಯವಾಗಿ ಕೊಳ್ಳಲು ದೊರೆಯುವುದು .32 ಬೋರ್‌ನ ರಿವಾಲ್ವರ್ ಹಾಗೂ .32 ಬೋರ್‌ನ ಸೆಮಿ ಆಟೊಮ್ಯಾಟಿಕ್ ಪಿಸ್ತೂಲು. .22 ಬೋರ್‌ನ ರಿವಾಲ್ವರ್‌ಗಳೂ ಇವೆ. ಇವು ಬಹುಕಾಲ ಆರ್ಡ್‌ನನ್ಸ್ ಕಾರ್ಖಾನೆಗಳ ಮಂಡಳಿಯ ಅಧೀನದ ಕಾರ್ಖಾನೆಗಳಲ್ಲಿ ತಯಾರಾಗುತ್ತಿದ್ದವು. 2021ರ ಅಕ್ಟೋಬರ್ 1ರಿಂದ ಆ ಮಂಡಳಿ ರದ್ದಾಗಿ ಏಳು ಸರ್ಕಾರಿ ಕಂಪನಿಗಳಾದವು. ಶಸ್ತ್ರ ತಯಾರಿಕೆಯು ಕಾನ್ಪುರದಲ್ಲಿ ಕೇಂದ್ರ ಕಚೇರಿಯುಳ್ಳ ಅಡ್ವಾನ್ಸ್‌ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಲಿಮಿಟೆಡ್ ಸಂಸ್ಥೆಗೆ ಬಂದಿದೆ. 2014ರಲ್ಲಿ ಬಂದ, ಸುಮಾರು 500 ಗ್ರಾಂ ತೂಕದ “ನಿರ್ಭೀಕ್” ರಿವಾಲ್ವರ್, 2023ರಲ್ಲಿ ಬಂದ “ಪ್ರಬಲ್” ರಿವಾಲ್ವರ್, “ಅಶನಿ” ಎಂಬ .32 ಪಿಸ್ತೂಲು ಇವು ಅಂಗಡಿಗಳಲ್ಲಿ ಕೇಳಿಬರುವ ಹೆಸರುಗಳು. ಖಾಸಗಿ ಕಂಪನಿಗಳೂ ಇತ್ತೀಚಿನ ವರ್ಷಗಳಲ್ಲಿ ಈ ಕ್ಷೇತ್ರಕ್ಕೆ ಬಂದಿವೆ. ವೆಬ್ಲಿ ಅಂಡ್ ಸ್ಕಾಟ್ ಸಂಸ್ಥೆಯ ಆಯುಧಗಳು ಉತ್ತರ ಪ್ರದೇಶದ ಹರದೋಯಿಯಲ್ಲಿ ತಯಾರಾಗುತ್ತಿರುವುದು ಇದಕ್ಕೆ ಉದಾಹರಣೆ. ವಿದೇಶಿ ಪಿಸ್ತೂಲುಗಳ ಆಮದು ಸಾಮಾನ್ಯ ಪರವಾನಗಿದಾರರಿಗೆ 1980ರ ದಶಕದಿಂದಲೇ ಇಲ್ಲ. ಹಿಂದೆ ಬಂದಿರುವ ಹಳೆಯ ವಿದೇಶಿ ಪಿಸ್ತೂಲುಗಳು ಪರವಾನಗಿದಾರರಿಂದ ಪರವಾನಗಿದಾರರಿಗೆ ಅತಿಯಾದ ಬೆಲೆಗೆ ಕೈ ಬದಲಾಗುತ್ತಿರುತ್ತವೆ. ಹೆಸರಿಗೆ ಮರುಳಾಗಿ ಸವೆದ ನಳಿಗೆಗೆ ಲಕ್ಷಗಟ್ಟಲೆ ಸುರಿಯುವುದು ಜಾಣತನವಲ್ಲ.

ರಿವಾಲ್ವರ್ ಮತ್ತು ಪಿಸ್ತೂಲು ಇವೆರಡರ ಕೆಲಸದ ರೀತಿ ಬೇರೆ. ರಿವಾಲ್ವರ್‌ನಲ್ಲಿ ತಿರುಗುವ ಗಾಲಿಯಂಥ ಭಾಗದಲ್ಲಿ ಗುಂಡುಗಳಿರುತ್ತವೆ. ಅದನ್ನು ಹೊರಗೆ ತೆರೆದು ನೋಡಿದರೆ ಗುಂಡು ಇದೆಯೋ ಇಲ್ಲವೋ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಗುಂಡು ಸಿಡಿಯದಿದ್ದರೆ ಟ್ರಿಗರನ್ನು ಮತ್ತೊಮ್ಮೆ ಎಳೆದಾಗ ಮುಂದಿನ ಗುಂಡು ಎದುರಿಗೆ ಬರುತ್ತದೆ. ಸೆಮಿ ಆಟೊಮ್ಯಾಟಿಕ್ ಪಿಸ್ತೂಲಿನಲ್ಲಿ ಗುಂಡುಗಳು ಹಿಡಿಯೊಳಗಿನ ಮ್ಯಾಗಜಿನ್‌ನಲ್ಲಿರುತ್ತವೆ. ಮೇಲಿನ ಸ್ಲೈಡನ್ನು ಹಿಂದಕ್ಕೆಳೆದು ಬಿಟ್ಟಾಗ ಒಂದು ಗುಂಡು ನಳಿಗೆಯ ಹಿಂಬದಿಯ ಚೇಂಬರಿಗೆ ಏರುತ್ತದೆ. ಟ್ರಿಗರ್ ಎಳೆದಾಗ ಅದು ಸಿಡಿದು, ಆ ಸಿಡಿತದ ಬಲದಿಂದಲೇ ಖಾಲಿ ಕೋಶ ಹೊರಬಿದ್ದು, ಮುಂದಿನ ಗುಂಡು ತಾನಾಗಿ ಚೇಂಬರಿಗೆ ಏರುತ್ತದೆ. ಪ್ರತಿ ಗುಂಡಿಗೂ ಟ್ರಿಗರನ್ನು ಎಳೆಯಲೇಬೇಕಾದ್ದರಿಂದ ಇದಕ್ಕೆ ಸೆಮಿ ಆಟೊಮ್ಯಾಟಿಕ್ ಎಂದು ಹೆಸರು. ಟ್ರಿಗರ್ ಒತ್ತಿ ಹಿಡಿದಷ್ಟು ಕಾಲ ಗುಂಡು ಹಾರಿಸುವ ಪೂರ್ಣ ಆಟೊಮ್ಯಾಟಿಕ್ ಆಯುಧಗಳು ಸಾರ್ವಜನಿಕರಿಗೆ ನಿಷಿದ್ಧ.

ಪಿಸ್ತೂಲು ಚಪ್ಪಟೆಯಾಗಿರುವುದರಿಂದ ಅಂಗಿಯ ಕೆಳಗೆ ಎದ್ದು ಕಾಣದು. ಒಯ್ಯಲು ಅನುಕೂಲ. ಇದು ಒಪ್ಪತಕ್ಕ ಮಾತೇ. ಆದರೆ ಅದರಲ್ಲೊಂದು ಅಪಾಯವಿದೆ. ಮ್ಯಾಗಜಿನ್ ತೆಗೆದ ಮಾತ್ರಕ್ಕೆ ಪಿಸ್ತೂಲು ಖಾಲಿಯಾಗುವುದಿಲ್ಲ. ಚೇಂಬರಿಗೆ ಏರಿದ ಒಂದು ಗುಂಡು ಅಲ್ಲೇ ಉಳಿದಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಮ್ಯಾಗಜಿನ್ ತೆಗೆದಾಗ ಸಿಡಿಯದಂತೆ ತಡೆಯುವ ಏರ್ಪಾಡು ಎಲ್ಲ ಪಿಸ್ತೂಲುಗಳಲ್ಲೂ ಇರುವುದಿಲ್ಲ. ಮನೆಯಲ್ಲಿ ಒರೆಸುವಾಗ, ಬಂಧುಗಳಿಗೆ ತೋರಿಸುವಾಗ ಕೈತಪ್ಪಿ ಗುಂಡು ಹಾರುವುದಕ್ಕೆ ಇದೇ ದೊಡ್ಡ ಕಾರಣ. ಆದ್ದರಿಂದ ಮೊದಲು ಮ್ಯಾಗಜಿನ್ ತೆಗೆಯಬೇಕು, ಆಮೇಲೆ ನಳಿಗೆಯನ್ನು ನಿರಪಾಯದ ಕಡೆಗೆ ತಿರುಗಿಸಿ ಸ್ಲೈಡನ್ನು ಹಿಂದಕ್ಕೆಳೆದು ಚೇಂಬರನ್ನು ಕಣ್ಣಿನಿಂದ ನೋಡಬೇಕು, ಬೆರಳಿನಿಂದ ಮುಟ್ಟಿಯೂ ನೋಡಬೇಕು. ಈ ಕ್ರಮ ಹಿಂದುಮುಂದಾದರೆ, ಅಂದರೆ ಸ್ಲೈಡನ್ನು ಮೊದಲು ಎಳೆದು ಮ್ಯಾಗಜಿನ್ನನ್ನು ಆಮೇಲೆ ತೆಗೆದರೆ, ಒಂದು ಗುಂಡು ಹೊರಬಂದು ಇನ್ನೊಂದು ಒಳಗೆ ಏರಿರುತ್ತದೆ. ನೋಡಿದವರು ಖಾಲಿಯಾಯಿತೆಂದೇ ತಿಳಿಯುತ್ತಾರೆ. ವರ್ಷಕ್ಕೊಮ್ಮೆ ಆಯುಧವನ್ನು ಕೈಗೆತ್ತಿಕೊಳ್ಳುವವರಿಗೆ ಈ ಕ್ರಮ ನೆನಪಿನಲ್ಲಿ ಉಳಿಯುವುದು ಕಷ್ಟ. ಆಗಾಗ ಅಭ್ಯಾಸ ಮಾಡಲು ಸಾಧ್ಯವಿಲ್ಲದವರಿಗೆ ರಿವಾಲ್ವರೇ ಲೇಸೆಂದು ಹೇಳಬಹುದು.

ಹಗುರವಾದದ್ದೇ ಉತ್ತಮವೆಂಬ ಭಾವನೆಯೂ ಪೂರ್ತಿ ನಿಜವಲ್ಲ. ಆಯುಧ ಹಗುರವಾದಷ್ಟೂ ಗುಂಡು ಹಾರುವಾಗ ಕೈಗೆ ಬಡಿಯುವ ಧಕ್ಕೆ ಹೆಚ್ಚು. ಅಂಗಡಿಯಲ್ಲಿ ಖಾಲಿ ಆಯುಧವನ್ನು ಕೈಯಲ್ಲಿ ಹಿಡಿದು, ಹಿಡಿ ಅಂಗೈಗೆ ಹೊಂದುತ್ತದೆಯೇ, ಬೆರಳು ಟ್ರಿಗರಿಗೆ ಸರಿಯಾಗಿ ತಲುಪುತ್ತದೆಯೇ, ಸ್ಲೈಡನ್ನು ತಾವೇ ಎಳೆಯಲು ಬಲ ಸಾಲುತ್ತದೆಯೇ, ಸೇಫ್ಟಿ ಕ್ಯಾಚನ್ನು ಹುಡುಕದೆ ಮುಟ್ಟಲು ಬರುತ್ತದೆಯೇ ಎಂದು ನೋಡಿಯೇ ನಿರ್ಧರಿಸಬೇಕು. ವಯಸ್ಸಾದವರಿಗೂ ಕೈಬೆರಳು ಸಂಧಿವಾತವುಳ್ಳವರಿಗೂ ಗಟ್ಟಿ ಸ್ಪ್ರಿಂಗಿನ ಸ್ಲೈಡ್ ಎಳೆಯುವುದು ಆಗದ ಕೆಲಸ.

ಎಲ್ಲಕ್ಕಿಂತ ಹೆಚ್ಚಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ರಿವಾಲ್ವರಿಗೂ ಪಿಸ್ತೂಲಿಗೂ .32 ಬೋರ್ ಎಂದೇ ಬರೆಯುತ್ತಾರಾದರೂ ಅವುಗಳ ಗುಂಡು ಒಂದೇ ಅಲ್ಲ. ಪಿಸ್ತೂಲಿನ ಗುಂಡು 7.65 ಮಿ.ಮೀ. ಎಂದೂ ಕರೆಯಲಾಗುವ, ಗಿಡ್ಡನೆಯ ಕೋಶದ ಗುಂಡು. ಜಾನ್ ಬ್ರೌನಿಂಗ್ ಎಂಬ ಅಮೆರಿಕದ ಶಸ್ತ್ರತಜ್ಞ 1899ರಲ್ಲಿ ರೂಪಿಸಿದ್ದು. ರಿವಾಲ್ವರಿನದು ಹಿಂಬದಿಯಲ್ಲಿ ಅಗಲವಾದ ಅಂಚುಳ್ಳ ಉದ್ದನೆಯ ಕೋಶದ ಗುಂಡು. ಒಂದರದ್ದನ್ನು ಇನ್ನೊಂದಕ್ಕೆ ಹಾಕಲೇಬಾರದು. ಅರ್ಜಿಯಲ್ಲಿ “.32 ಬೋರ್” ಎಂದಷ್ಟೇ ಬರೆಯದೆ ಪಿಸ್ತೂಲೋ ರಿವಾಲ್ವರೋ ಎಂಬುದನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು. ಗುಂಡು ಕೊಳ್ಳುವಾಗಲೂ ಪೆಟ್ಟಿಗೆಯ ಮೇಲಿನ ಬರಹ ಓದಿ ಕೊಳ್ಳತಕ್ಕದ್ದು. ಒಮ್ಮೆಗೆ ಎಷ್ಟು ಗುಂಡು, ವರ್ಷಕ್ಕೆ ಎಷ್ಟು ಎಂಬುದು ಪರವಾನಗಿಯಲ್ಲೇ ನಮೂದಾಗಿರುತ್ತದೆ. ಬಿಲ್ಲುಗಳನ್ನು ಕಾಯ್ದಿರಿಸಿಕೊಂಡರೆ ನವೀಕರಣದ ವೇಳೆ ಲೆಕ್ಕ ಒಪ್ಪಿಸಲು ತೊಂದರೆಯಾಗದು.

ಖರ್ಚಿನ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳುವುದು ಒಳಿತು. ಆಯುಧದ ಬೆಲೆಯ ಮೇಲೆ ಜಿ.ಎಸ್.ಟಿ. ಪ್ರತ್ಯೇಕ. ಪಿಸ್ತೂಲು ಮತ್ತು ರಿವಾಲ್ವರ್‌ಗಳ ಮೇಲೆ ಶೇಕಡ 28ರಷ್ಟಿದ್ದ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡ 40 ಆಗಿದೆ. ಹೋಲ್‌ಸ್ಟರ್, ಬೀಗವುಳ್ಳ ಉಕ್ಕಿನ ಪೆಟ್ಟಿಗೆ, ಗುಂಡು, ತರಬೇತಿ, ನವೀಕರಣ ಶುಲ್ಕ ಇವು ಬೇರೆ. ಪೆಟ್ಟಿಗೆಯ ಖರ್ಚನ್ನು ಉಳಿಸಲು ಹೋಗಿ ಆಯುಧವನ್ನು ಟ್ರೆಜರಿಯ ಬಟ್ಟೆಗಳ ನಡುವೆ ಇಡುವುದು ಮಕ್ಕಳಿರುವ ಮನೆಯಲ್ಲಿ ಅನಾಹುತಕ್ಕೆ ದಾರಿ.

ಇನ್ನೊಬ್ಬ ಪರವಾನಗಿದಾರರಿಂದ ಹಳೆಯ ಪಿಸ್ತೂಲು ಕೊಳ್ಳುವುದಾದರೆ, ಮಾರುವವರು ಜಿಲ್ಲಾ ದಂಡಾಧಿಕಾರಿಗಳಿಗೆ ಅಥವಾ ಸಮೀಪದ ಪೊಲೀಸ್ ಠಾಣಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸಿ 45 ದಿನ ಕಳೆದ ಬಳಿಕವೇ ಆಯುಧ ಹಸ್ತಾಂತರಿಸಬೇಕು. ಅದಕ್ಕೆ ಮೊದಲು ಹಣ ಕೊಟ್ಟು ಆಯುಧ ತಂದವರು ಅಪರಾಧಕ್ಕೆ ಗುರಿಯಾಗುತ್ತಾರೆ. ಆಯುಧದ ಮೇಲಿನ ಸಂಖ್ಯೆ ಮಾರುವವರ ಪರವಾನಗಿಯಲ್ಲಿರುವ ಸಂಖ್ಯೆಗೆ ಅಕ್ಷರಶಃ ತಾಳೆಯಾಗಬೇಕು.

ಪರವಾನಗಿ ಇಲ್ಲದ ನಾಡ ಪಿಸ್ತೂಲುಗಳ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಕಿತ್ತೂರಿಗೆ ಸಮೀಪದ ಧಾರವಾಡದಲ್ಲಿ 2015ರ ಆಗಸ್ಟ್ 30ರಂದು ಸಂಶೋಧಕ ಡಾ. ಎಂ.ಎಂ. ಕಲಬುರ್ಗಿಯವರ ಹತ್ಯೆಗೆ ಬಳಕೆಯಾದುದು 7.65 ಮಿ.ಮೀ. ನಾಡ ಪಿಸ್ತೂಲೆಂದು ತನಿಖೆಯಿಂದ ತಿಳಿದುಬಂದಿದೆ. ಪರವಾನಗಿಯಿಲ್ಲದೆ ಸಿಡಿಶಸ್ತ್ರ ಇಟ್ಟುಕೊಂಡವರಿಗೆ 2019ರ ತಿದ್ದುಪಡಿಯ ಬಳಿಕ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷಗಳ ಕಾರಾವಾಸ ವಿಧಿಸಬಹುದಾಗಿದೆ. ನಿಷಿದ್ಧ ಶಸ್ತ್ರವಾದಲ್ಲಿ ಶಿಕ್ಷೆ ಇನ್ನೂ ಹೆಚ್ಚು.

ಅರ್ಜಿ

ಈ ನಾಲ್ಕು ತಾಲ್ಲೂಕುಗಳು ಬೆಳಗಾವಿ ನಗರ ಪೊಲೀಸ್ ಆಯುಕ್ತರ ವ್ಯಾಪ್ತಿಯ ಹೊರಗಿರುವುದರಿಂದ ಇಲ್ಲಿನ ಅರ್ಜಿದಾರರಿಗೆ ಪರವಾನಗಿ ಪ್ರಾಧಿಕಾರವೆಂದರೆ ಬೆಳಗಾವಿಯ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ದಂಡಾಧಿಕಾರಿಗಳು. ಅರ್ಜಿಯನ್ನು ನಮೂನೆ ಎ-1ರಲ್ಲಿ ಸಲ್ಲಿಸತಕ್ಕದ್ದು. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಭಾವಚಿತ್ರ, ಜನ್ಮ ದಿನಾಂಕ, ಗುರುತು ಹಾಗೂ ವಿಳಾಸದ ದಾಖಲೆಗಳ ಜೊತೆಗೆ, ಮಾನಸಿಕ ಹಾಗೂ ದೈಹಿಕ ಆರೋಗ್ಯ ಸರಿಯಾಗಿದ್ದು ಮದ್ಯ ಅಥವಾ ಮಾದಕ ವಸ್ತುಗಳ ದಾಸರಲ್ಲವೆಂಬ ವೈದ್ಯಕೀಯ ಪ್ರಮಾಣ ಪತ್ರ, ಆಯುಧವನ್ನು ಭದ್ರವಾಗಿ ಇರಿಸಿಕೊಳ್ಳುವ ಬಗ್ಗೆ ಮುಚ್ಚಳಿಕೆ ಬೇಕಾಗುತ್ತವೆ. ಪೊಲೀಸ್ ಇಲಾಖೆ ಕೆಲವು ವೇಳೆ ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರಗಳಲ್ಲಿ ಭಾಗವಹಿಸುವುದು ಪರವಾನಗಿ ಬೇಕಾದವರಿಗೂ ಬೇಡದವರಿಗೂ ಉಪಯುಕ್ತ. ಸಮೀಪದ ಠಾಣೆಯಲ್ಲಿ ವಿಚಾರಿಸಬಹುದು.

ಅರ್ಜಿ ಬಂದ ಮೇಲೆ ಸಂಬಂಧಪಟ್ಟ ಠಾಣೆಯಿಂದ ಪೊಲೀಸ್ ವರದಿ ತರಿಸಿಕೊಳ್ಳುವುದು ಕಡ್ಡಾಯ. ವರದಿಗೆ 30 ದಿನ, ವರದಿ ಕೈಸೇರಿದ ಮೇಲೆ ತೀರ್ಮಾನಕ್ಕೆ 60 ದಿನ ಎಂದು ನಿಯಮಗಳು ಹೇಳುತ್ತವೆ. ಹೊಲದ ಬದುವಿನ ತಕರಾರು, ಅಣ್ಣತಮ್ಮಂದಿರ ವಾಟ್ನಿ ಜಗಳ ಇವು ನಮ್ಮ ಗ್ರಾಮಗಳಲ್ಲಿ ಇದ್ದದ್ದೇ. ಇಂಥ ಜಗಳಗಳಲ್ಲಿ ಶಾಂತಿಪಾಲನೆಯ ಮುಚ್ಚಳಿಕೆ ಬರೆದುಕೊಡುವಂತೆ ದಂಡಾಧಿಕಾರಿಗಳ ಆದೇಶವಾಗಿದ್ದಲ್ಲಿ, ಜನರ ಬಾಯಲ್ಲಿ “107 ಕೇಸು” ಎಂದೇ ಉಳಿದಿರುವ ಪ್ರಕರಣದಲ್ಲಿ ಹಾಗೆ ಆದೇಶವಾಗಿದ್ದಲ್ಲಿ, ಆ ಮುಚ್ಚಳಿಕೆಯ ಅವಧಿ ಮುಗಿಯುವವರೆಗೆ ಶಸ್ತ್ರ ಹೊಂದಲು ಬರುವುದಿಲ್ಲ. ಈ ಸಂಗತಿಯನ್ನು ಅರ್ಜಿಯಲ್ಲಿ ಮುಚ್ಚಿಟ್ಟರೆ ಮುಂದೆ ಪರವಾನಗಿಯೇ ರದ್ದಾಗುತ್ತದೆ. ಅರ್ಜಿ ತಿರಸ್ಕರಿಸಿದಲ್ಲಿ ಕಾರಣಗಳನ್ನು ಲಿಖಿತವಾಗಿ ದಾಖಲಿಸತಕ್ಕದ್ದು. ಆದೇಶದ ದಿನಾಂಕದಿಂದ 30 ದಿನಗಳೊಳಗೆ ಮೇಲ್ಮನವಿ ಪ್ರಾಧಿಕಾರಕ್ಕೆ ಮನವಿ ಸಲ್ಲಿಸಲು ಅವಕಾಶವಿದೆ.

ಪರವಾನಗಿ ನಮೂನೆ 3ರಲ್ಲಿ ದೊರೆಯುತ್ತದೆ. 2019ರ ಡಿಸೆಂಬರ್ 14ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಅದರ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ, ಒಬ್ಬರು ಹೊಂದಬಹುದಾದ ಸಿಡಿಶಸ್ತ್ರಗಳ ಸಂಖ್ಯೆ 3ರಿಂದ 2ಕ್ಕೆ ಇಳಿದಿದೆ. ರಾಷ್ಟ್ರೀಯ ದತ್ತಾಂಶದಲ್ಲಿ ಸೇರಿ ವಿಶಿಷ್ಟ ಗುರುತಿನ ಸಂಖ್ಯೆ ಪಡೆಯದ ಹಳೆಯ ಪರವಾನಗಿ ಪುಸ್ತಕಗಳು ಈಗ ಊರ್ಜಿತವಲ್ಲ. ತಂದೆಯವರ ಕಾಲದ ಪುಸ್ತಕ ಮನೆಯಲ್ಲಿದ್ದವರು ಇದನ್ನು ತಪ್ಪದೆ ಪರಿಶೀಲಿಸತಕ್ಕದ್ದು. ನವೀಕರಣಕ್ಕೆ ಅವಧಿ ಮುಗಿಯುವ ಎರಡು ತಿಂಗಳ ಮೊದಲೇ ಅರ್ಜಿ ಹಾಕುವುದು ಒಳಿತು.

ಒಯ್ಯುವಾಗ ಮತ್ತು ಇಡುವಾಗ

ಪರವಾನಗಿಯಲ್ಲಿ ನಮೂದಿಸಿದ ಪ್ರದೇಶದ ಹೊರಗೆ ಆಯುಧ ಒಯ್ಯುವಂತಿಲ್ಲ. ಕೊಲ್ಲಾಪುರಕ್ಕೋ ಗೋವೆಗೋ ವ್ಯಾಪಾರಕ್ಕೆ ಹೋಗುವವರು ತಮ್ಮ ಪರವಾನಗಿ ಕರ್ನಾಟಕಕ್ಕೆ ಮಾತ್ರವೇ ಎಂಬುದನ್ನು ನೋಡಿಕೊಂಡೇ ಹೊರಡಬೇಕು. ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು ಹೋಲ್‌ಸ್ಟರ್‌ನಲ್ಲಿ, ಮೈಗೆ ಕಟ್ಟಿಕೊಂಡು, ಪೂರ್ತಿ ಮುಚ್ಚಿರಬೇಕು. ತೋರಿಸುವುದು, ಬೀಸುವುದು ನಿಷಿದ್ಧ. ಭಾರತ ಹುಣ್ಣಿಮೆಯ ಯಲ್ಲಮ್ಮನ ಗುಡ್ಡದ ಜಾತ್ರೆ, ಕಿತ್ತೂರು ಉತ್ಸವ ಇಂಥ ಲಕ್ಷಾಂತರ ಜನ ಸೇರುವ ಕಡೆಗೆ ಪಿಸ್ತೂಲು ಒಯ್ಯದಿರುವುದೇ ಮೇಲು. ನೂಕುನುಗ್ಗಲಿನಲ್ಲಿ ಕಳುವಾದರೆ ಹುಡುಕುವುದು ಅಸಾಧ್ಯ. ಮದುವೆಯ ಮೆರವಣಿಗೆಯಲ್ಲಿ, ವಿಜಯೋತ್ಸವದಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿ ಜನರ ಪ್ರಾಣಕ್ಕೆ ಅಪಾಯ ತಂದರೆ 2 ವರ್ಷಗಳವರೆಗೆ ಕಾರಾವಾಸ ಅಥವಾ 1 ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ ಉಂಟು. ಮೇಲಕ್ಕೆ ಹಾರಿದ ಗುಂಡು ಎಲ್ಲೋ ಒಂದು ಕಡೆ ಕೆಳಗೆ ಬೀಳಲೇಬೇಕಲ್ಲ.

ಪರವಾನಗಿ ದೊರೆತ ಮಾತ್ರಕ್ಕೆ ಗುಂಡು ಹಾರಿಸಲು ಅನುಮತಿ ದೊರೆತಂತಲ್ಲ. ಆತ್ಮರಕ್ಷಣೆಯ ಹಕ್ಕು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಪ್ರಕರಣಗಳಿಗೆ ಒಳಪಟ್ಟಿದೆ. ಪೊಲೀಸರ ಸಹಾಯ ಪಡೆಯಲು ಸಮಯವಿದ್ದಾಗ ಆ ಹಕ್ಕು ಇರುವುದಿಲ್ಲ. ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತೆಯೂ ಇಲ್ಲ. ಓಡಿಹೋಗುತ್ತಿರುವ ಕಳ್ಳನ ಬೆನ್ನಿಗೆ ಗುಂಡು ಹಾರಿಸಿದವರು ನ್ಯಾಯಾಲಯದಲ್ಲಿ ಆರೋಪಿಗಳಾಗಿ ನಿಲ್ಲಬೇಕಾದೀತು.

ಮನೆಯಲ್ಲಿ ಆಯುಧವನ್ನೂ ಗುಂಡನ್ನೂ ಬೇರೆ ಬೇರೆ ಬೀಗದೊಳಗೆ ಇಟ್ಟು ಕೀಲಿಯನ್ನು ಪರವಾನಗಿದಾರರೇ ಇಟ್ಟುಕೊಳ್ಳತಕ್ಕದ್ದು. ಆಯುಧದ ಅಪಾಯ ಹೊರಗಿನಿಂದ ಬರುವ ಕಳ್ಳನಿಗಿಂತ ಮನೆಯೊಳಗಿನವರಿಗೇ ಹೆಚ್ಚಾಗುವ ಸಂದರ್ಭಗಳಿವೆ. ಸಾಲದ ಬಾಧೆ, ಕುಡಿತ, ತೀವ್ರ ಮನಃಕ್ಲೇಶ, ದಂಪತಿಗಳ ವಿರಸ ಇಂಥ ಸಮಯದಲ್ಲಿ ಕೈಗೆ ಸಿಗುವ ಪಿಸ್ತೂಲು ಒಂದು ನಿಮಿಷದಲ್ಲಿ ಸರಿಪಡಿಸಲಾಗದ ಅನರ್ಥ ಮಾಡೀತು. ಮನೆಯಲ್ಲಿ ಯಾರಿಗಾದರೂ ಅಂಥ ಸ್ಥಿತಿ ಬಂದಿದೆಯೆಂದು ಅನಿಸಿದ ಕೂಡಲೇ ಆಯುಧವನ್ನು ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿಯುಳ್ಳ ಶಸ್ತ್ರ ವ್ಯಾಪಾರಿಯಲ್ಲಿ ಠೇವಣಿ ಇಟ್ಟು ರಸೀದಿ ಪಡೆಯಬಹುದು. ಇದರಿಂದ ಪರವಾನಗಿಗೆ ಕುಂದು ಬರುವುದೆಂಬ ಅಂಜಿಕೆ ಬೇಡ. ಮನೆಯ ಹಿರಿಯರು ಈ ಮಾತನ್ನು ಎತ್ತಲು ಸಂಕೋಚಪಡಬಾರದು.

ಪರವಾನಗಿದಾರರು ಮೃತರಾದಲ್ಲಿ ವಾರಸುದಾರರು ಆಯುಧವನ್ನು ಮನೆಯಲ್ಲೇ ಇಟ್ಟುಕೊಳ್ಳದೆ ತಡವಿಲ್ಲದೆ ಠಾಣೆಗೆ ಅಥವಾ ವ್ಯಾಪಾರಿಗೆ ಒಪ್ಪಿಸಿ, ಬೇಕಿದ್ದಲ್ಲಿ ತಮ್ಮ ಹೆಸರಿನಲ್ಲಿ ಹೊಸ ಪರವಾನಗಿಗೆ ಅರ್ಜಿ ಸಲ್ಲಿಸತಕ್ಕದ್ದು. ಪರವಾನಗಿದಾರರಿಗೆ 70 ವರ್ಷ ತುಂಬಿದ್ದಲ್ಲಿ, ಅಥವಾ ಆಯುಧ ಹೊಂದಿ 25 ವರ್ಷವಾಗಿದ್ದಲ್ಲಿ, ಅವರು ಬದುಕಿರುವಾಗಲೇ ಅದನ್ನು ವಾರಸುದಾರರ ಹೆಸರಿಗೆ ಮಾಡಿಕೊಡಲು ನಿಯಮಗಳಲ್ಲಿ ಅವಕಾಶವಿದೆ. ವಾರಸುದಾರರ ಅರ್ಹತೆಯನ್ನು ಹೊಸ ಅರ್ಜಿಯಂತೆಯೇ ಪರಿಶೀಲಿಸಲಾಗುತ್ತದೆ.

ಚುನಾವಣೆ ಘೋಷಣೆಯಾದಾಗ ಪರವಾನಗಿ ಪಡೆದ ಆಯುಧಗಳನ್ನು ಠಾಣೆಯಲ್ಲಿ ಠೇವಣಿ ಇಡುವಂತೆ ಆದೇಶ ಹೊರಡುತ್ತದೆ. ಬ್ಯಾಂಕುಗಳ ಕಾವಲಿನ ಆಯುಧಗಳಂಥ ಕೆಲವಕ್ಕೆ ವಿನಾಯಿತಿ ಉಂಟು. ಉಳಿದವರು ತಮಗೆ ವಿನಾಯಿತಿ ಬೇಕೆನಿಸಿದಲ್ಲಿ ಜಿಲ್ಲೆಯ ಪರಿಶೀಲನಾ ಸಮಿತಿಗೆ ಕಾರಣ ಸಹಿತ ಅರ್ಜಿ ಕೊಡಬಹುದು. ಠೇವಣಿ ಇಡುವಾಗ ಪಿಸ್ತೂಲನ್ನು ಮನೆಯಲ್ಲೇ ಖಾಲಿ ಮಾಡಿ, ಮ್ಯಾಗಜಿನ್ ಮತ್ತು ಗುಂಡುಗಳನ್ನು ಪ್ರತ್ಯೇಕವಾಗಿ ಒಯ್ದು, ಆಯುಧದ ಸಂಖ್ಯೆ ಹಾಗೂ ಗುಂಡುಗಳ ಸಂಖ್ಯೆ ಬರೆದ ರಸೀದಿಯನ್ನು ಅಲ್ಲೇ ಓದಿ ನೋಡಿ ಪಡೆಯತಕ್ಕದ್ದು. ಫಲಿತಾಂಶ ಪ್ರಕಟವಾಗಿ ಒಂದು ವಾರ ಕಳೆದ ಬಳಿಕ ಆಯುಧಗಳನ್ನು ಹಿಂದಿರುಗಿಸಲಾಗುತ್ತದೆ. ಆಗ ಆ ರಸೀದಿಯನ್ನೂ ಮೂಲ ಪರವಾನಗಿಯನ್ನೂ ಹಾಜರುಪಡಿಸತಕ್ಕದ್ದು.